ಮಣ್ಣು ಉಂಡ ದಾರ

ಅಕ್ಕನ ಸುದ್ದಿ ಮೊದಲ ಸಲ ನನ್ನ ಕಿವಿಗೆ ಬಿದ್ದದ್ದು ನಾನೊಂದು ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತಿದ್ದಾಗ. ಸೈಕಲ್ ಶಾಪಿನವನ ಹೆಂಡತಿ ಓಡುತ್ತ ಬಂದು ಅಂಗಡಿಯ ಹೊಸ್ತಿಲ ಮೇಲೆ ಕುಕ್ಕರಿಸಿದಳು. ಪ್ಯಾಂಟು ಅವಳ ಗಂಡನದೇ. ಆದರೆ ಅವಳು ಬಂದದ್ದು ಪ್ಯಾಂಟಿಗಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಬಾಯೊಳಗೆ ಸುದ್ದಿ ಇದ್ದರೆ ಅವಳ ಮೂಗಿನ ಹೊಳ್ಳೆ ಅರಳುತ್ತದೆ.

"ಹೊಲಿಗೆಯಕ್ಕ, ಮೇಷ್ಟ್ರ ಜಮೀನಿಗೆ ಒಬ್ಬಳು ಹೆಂಗಸು ಬಂದಿದಾಳೆ. ಮಣ್ಣು ತಿಂತಾಳೆ."

"ತಿಂತಾಳಾ? ನೀನು ನೋಡಿದ್ಯಾ?"

"ಬೊಗಸೇಲಿ ತಗೊಂಡು ಮುಖದ ಹತ್ರ ಹಿಡ್ಕೊಂಡಿದ್ಲು. ಮುಖದ ಹತ್ರ ಹಿಡ್ಕೊಂಡಮೇಲೆ ಇನ್ನೇನ್ ಮಾಡ್ತಾರೆ? ಪೌಡರ್ ಅಂತ ಹಚ್ಕೊಳ್ತಾರಾ?"

ನಮ್ಮ ಬೀದಿ ಇಳಿಜಾರು. ಮೇಲ್ತುದಿಯಲ್ಲಿ ಮೇಷ್ಟ್ರ ಜಮೀನು, ಕೆಳತುದಿಯಲ್ಲಿ ನನ್ನ ಹೊಲಿಗೆ ಅಂಗಡಿ. ನಡುವೆ ಸೈಕಲ್ ಶಾಪು, ಹಿಟ್ಟಿನ ಗಿರಣಿ, ಹನ್ನೊಂದು ಮನೆ. ಜಮೀನಿನ ಬೇಲಿಯಾಚೆ ಇಟ್ಟಿಗೆ ಗೂಡು. ಜಮೀನು ಎನ್ನುವುದು ಹೆಸರಿಗೆ ಮಾತ್ರ. ಗೂಡಿನ ಲಾರಿಗಳು ವರ್ಷಾನುಗಟ್ಟಲೆ ಅದರ ಮೇಲೆ ತಿರುಗಿ ತಿರುಗಿ ನೆಲ ಕಲ್ಲಾಗಿತ್ತು. ಮಳೆ ಹೊಯ್ದರೆ ಒಂದು ತೊಟ್ಟೂ ಒಳಗೆ ಇಳಿಯುತ್ತಿರಲಿಲ್ಲ. ಅಷ್ಟೂ ನೀರು ಕೆಸರು ಹೊತ್ತುಕೊಂಡು ಬೀದಿಯುದ್ದಕ್ಕೂ ಇಳಿದು, ಕರೆಯದೆ ಬರುವ ನೆಂಟರ ಹಾಗೆ ನನ್ನ ಅಂಗಡಿಯೊಳಗೆ ಬಂದು ಕೂರುತ್ತಿತ್ತು. ನಮ್ಮ ಯಜಮಾನರು ಇದ್ದಾಗ ಇಬ್ಬರೂ ಸೇರಿ ಹೊಲಿಗೆ ಮಿಷನ್ನನ್ನು ನಾಲ್ಕು ಇಟ್ಟಿಗೆಯ ಮೇಲೆ ಎತ್ತಿಡುತ್ತಿದ್ದೆವು. ಅವರು ಹೋದಮೇಲೆ ಒಬ್ಬಳಿಂದ ಅದು ಆಗುವ ಕೆಲಸವಲ್ಲ. ಮಿಷನ್ನಿನ ಕಾಲುಮಣೆಗೆ ತುಕ್ಕು ಹಿಡಿದು, ತುಳಿದರೆ ಬೆಕ್ಕಿನ ಹಾಗೆ ಅಳುತ್ತಿತ್ತು. ಹಾಗಾಗಿ ಆ ಜಮೀನಿನ ಮಾತು ಬಂದರೆ ನನಗೆ ಮೈಯೆಲ್ಲ ಉರಿ. ಅದಕ್ಕೆ ಯಾರು ಬಂದರೇನು, ತಿಂದರೇನು, ತಿಂದು ಮುಗಿಸಿದರೆ ಇನ್ನೂ ಒಳ್ಳೆಯದು ಅಂದುಕೊಂಡೆ.

ಮೂರನೆಯ ದಿನ ಅವಳೇ ಅಂಗಡಿಗೆ ಬಂದಳು. ಉದ್ದನೆಯ ಹೆಂಗಸು, ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟಿದ್ದಳು. ಕಂಕುಳಲ್ಲಿ ಒಂದು ಹಿತ್ತಾಳೆಯ ಜರಡಿ. ಪುಸ್ತಕ ಹಿಡಿದವರ ಹಾಗೆ ಹಿಡಿದುಕೊಂಡಿದ್ದಳು.

"ತಂಗಿ, ಚಿಂದಿ ಇದ್ಯಾ? ಕತ್ತರಿಸಿ ಬಿಸಾಕಿದ್ದು?"

"ಏನಕ್ಕೆ ನಿಮಗೆ?"

"ಮಣ್ಣಿಗೆ ಹಾಕೋದಕ್ಕೆ. ಹತ್ತೀದು ಮಾತ್ರ ಬೇಕು. ಎಲೆ, ಗಿರಣಿ ಕಸ, ನಿನ್ನ ಚಿಂದಿ, ಎಲ್ಲ ಸೇರಿಸಿ ಕೊಳೆಸ್ತೀನಿ. ಅದಕ್ಕೆ ಹಸಿವು, ಪಾಪ. ಎಷ್ಟು ವರ್ಷದಿಂದ ಒಂದು ತುತ್ತು ಹಾಕಿಲ್ಲ ಯಾರೂ."

ನನಗೆ ನಗು ಬಂತು. "ಮಣ್ಣು ನೀವು ತಿಂತೀರಿ ಅಂತ ಕೇಳಿದ್ದೆ. ಮಣ್ಣೇ ತಿನ್ನುತ್ತೆ ಅಂತ ಈಗ ಕೇಳ್ತಿದೀನಿ."

ಅವಳು ನಕ್ಕಳು. ಆ ನಗುವಿಗೇ ನಾನು ಸೋತೆ ಅನ್ನಿ. ಹೊಸ್ತಿಲ ಮೇಲೆ ಕೂತು ಅವಳ ಕಥೆಯನ್ನೆಲ್ಲ ಹೇಳಿದಳು. ಮಣ್ಣು ಪರೀಕ್ಷೆ ಮಾಡುವ ಆಫೀಸಿನಲ್ಲಿ ಇಪ್ಪತ್ತೆಂಟು ವರ್ಷ ಕೆಲಸ. ಊರೂರಿಂದ ಚೀಲದಲ್ಲಿ ಬಂದ ಮಣ್ಣನ್ನು ನೆರಳಲ್ಲಿ ಆರಹಾಕುವುದು, ಮರದ ಸುತ್ತಿಗೆಯಲ್ಲಿ ಹೆಂಟೆ ಒಡೆಯುವುದು, ಜರಡಿ ಹಿಡಿಯುವುದು, ಪೊಟ್ಟಣ ಕಟ್ಟಿ ನಂಬರು ಹಚ್ಚುವುದು. ಒಳಗೆ ಸಾಹೇಬರು ಗಾಜಿನ ಕೊಳವೆಯಲ್ಲಿ ಅದೇನೇನೋ ಹಾಕಿ ಅಂಕಿ ಬರೆಯುತ್ತಿದ್ದರು. ಹೊರಗೆ ಇವಳು ಮೂಸಿ ನೋಡುತ್ತಿದ್ದಳು. ಹತ್ತು ವರ್ಷ ಆಗುವಷ್ಟರಲ್ಲಿ, ಯಾವ ಮಣ್ಣಿನಲ್ಲಿ ಜೀವ ಇದೆ, ಯಾವುದರಲ್ಲಿ ಇಲ್ಲ ಎಂದು ಚೀಲದ ಬಾಯಿ ಬಿಚ್ಚುತ್ತಲೇ ಹೇಳುತ್ತಿದ್ದಳಂತೆ. ಆಫೀಸಿನಲ್ಲಿ ಎಲ್ಲರೂ ಜರಡಿಯಕ್ಕ ಎನ್ನುತ್ತಿದ್ದರು. ರಿಟೈರ್ ಆದ ದಿನ ಹಾರ ಹಾಕಿ, ಏನು ಬೇಕು ಎಂದು ಕೇಳಿದರೆ ಹಳೇ ಜರಡಿ ಕೇಳಿ ತಗೊಂಡಳಂತೆ.

"ಎಲ್ಲರ ಮಣ್ಣನ್ನೂ ಜರಡಿ ಹಿಡಿದೆ, ತಂಗಿ. ನಂದು ಅಂತ ಒಂದು ಬೊಗಸೆ ಇರಲಿಲ್ಲ."

ಹಾಗಾಗಿ ಮೇಷ್ಟ್ರನ್ನು ಕೇಳಿದ್ದಾಳೆ. ಮೇಷ್ಟ್ರು ಲೆಕ್ಕ ಹೇಳಿಕೊಟ್ಟು ರಿಟೈರ್ ಆದವರು, ಒಂದು ಮಾತು ಹೇಳಬೇಕಾದರೂ ಎರಡು ಸಲ ತಾಳೆ ನೋಡುವ ಜಾತಿ. ಅತ್ತ ಗೂಡಿನವನು, ಮೂರು ಅಡಿ ಮೇಲ್ಮಣ್ಣು ಎತ್ತಿಕೊಳ್ಳುತ್ತೇನೆ, ಹೇಗಿದ್ದರೂ ಸತ್ತ ನೆಲ, ಇಟ್ಟಿಗೆಯಾದರೂ ಆಗಲಿ ಎಂದು ದಿನಾ ಬಂದು ಕೂರುತ್ತಿದ್ದನಂತೆ. ಮೇಷ್ಟ್ರು ಅಕ್ಕನಿಗೆ ಹೇಳಿದ್ದು ಇಷ್ಟು: ಮೂರು ವರ್ಷ ನಿಮಗೆ. ಅಷ್ಟರೊಳಗೆ ನೆಲಕ್ಕೆ ಜೀವ ಬಂದರೆ ನೀವು ಇರೋವರೆಗೂ ಉಳುಮೆ ಮಾಡಿ. ಬರದಿದ್ದರೆ ಗೂಡಿನವನು ಎತ್ತಿಕೊಳ್ಳಲಿ. ಆದರೆ ಜೀವ ಬಂತು ಅಂತ ನನ್ನ ಕಣ್ಣಿಗೆ ಕಾಣಬೇಕು, ನಿಮ್ಮ ಮೂಗಿನ ಮಾತು ನಡೆಯೋದಿಲ್ಲ.

"ಅದಕ್ಕೆ ನಾನೇನ್ ಹೇಳ್ದೆ ಗೊತ್ತಾ?" ಅಕ್ಕ ಜರಡಿಯನ್ನು ತೊಡೆಯ ಮೇಲೆ ತಿರುಗಿಸಿದಳು. "ಒಂದು ತುಂಡು ಹತ್ತಿ ಬಟ್ಟೆ ಹೂಳ್ತೀನಿ. ಎರಡು ತಿಂಗಳು ಬಿಟ್ಟು ಅಗೀರಿ. ಜೀವ ಇರೋ ಮಣ್ಣಾದರೆ ಅದರೊಳಗಿನ ಹುಳ, ಕಣ್ಣಿಗೆ ಕಾಣದ ಕೋಟಿ ಜೀವ, ಎಲ್ಲ ಸೇರಿ ಬಟ್ಟೆ ಉಂಡುಬಿಡ್ತವೆ. ಸತ್ತ ಮಣ್ಣಾದರೆ ಬಟ್ಟೆ ಹಾಕಿದ ಹಾಗೇ ಬರುತ್ತೆ. ಇದಕ್ಕಿಂತ ಕಣ್ಣಿಗೆ ಕಾಣೋದು ಇನ್ನೇನಿದೆ?"

ಅವತ್ತು ನಾನೂ ಅವಳಿಗೆ ಒಂದು ವಿದ್ಯೆ ಕಲಿಸಿದೆ. ಚಿಂದಿ ಮೂಟೆ ಸುರಿದು, ಹತ್ತಿ ಯಾವುದು, ಬೆರಕೆ ಯಾವುದು ಎಂದು ಕಣ್ಣಿನಲ್ಲಿ ನೋಡಿದರೆ ಮೋಸ ಹೋಗುತ್ತೀರಿ ಎಂದು ಹೇಳಿ, ಒಂದೊಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿ ತೋರಿಸಿದೆ. ಹತ್ತಿಯಾದರೆ ಕಾಗದದ ಹಾಗೆ ಉರಿದು ಬೂದಿಯಾಗಿ ಬೆರಳಲ್ಲಿ ಉದುರುತ್ತದೆ. ಪಾಲಿಯೆಸ್ಟರ್ ಸೇರಿದ್ದರೆ ಮುದುಡಿ, ಕರಗಿ, ಸಾಸಿವೆಯಂಥ ಕರಿ ಗುಂಡು ನಿಲ್ಲುತ್ತದೆ. ಅಕ್ಕ ಮಗುವಿನ ಹಾಗೆ ಇನ್ನೊಂದು, ಇನ್ನೊಂದು ಎಂದು ಅರ್ಧ ಪೊಟ್ಟಣ ಕಡ್ಡಿ ಮುಗಿಸಿದಳು. ಸಂಜೆ ಆಗುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

ಮೊದಲ ವರ್ಷ ಒಂದು ದಿಂಬಿನ ಚೀಲದ ತುಂಡು ಕೊಟ್ಟೆ. ಕಡ್ಡಿ ಹಚ್ಚಿ ನೋಡಿದ್ದೇ. ಸುಮ್ಮನೆ ಕೊಡಲಿಕ್ಕೆ ಕೈ ಬರಲಿಲ್ಲ, ಎಳೆ ಬಿಟ್ಟ ಬಟ್ಟೆ ನನ್ನ ಅಂಗಡಿಯಿಂದ ಹೊರಗೆ ಹೋಗುವುದುಂಟೇ, ನಾಲ್ಕು ಕಡೆ ಅಂಚು ಮಡಿಸಿ ಹೊಲಿದೆ. "ಹೂಳೋ ಬಟ್ಟೆಗೂ ಅಂಚು ಹೊಲೀತಾಳೆ ಇವಳು" ಎಂದು ಸೈಕಲ್ ಶಾಪಿನವಳು ಬೀದಿಯೆಲ್ಲ ಹೇಳಿಕೊಂಡು ಬಂದಳು. ಎರಡು ತಿಂಗಳು ಬಿಟ್ಟು ತೆಗೆದರೆ ಬಟ್ಟೆ ಹಾಗೇ ಇತ್ತು, ಸ್ವಲ್ಪ ಕಂದಿತ್ತು ಅಷ್ಟೆ. ಒಗೆದು ದಿಂಬಿಗೆ ಹಾಕಬಹುದಿತ್ತು. ಮೇಷ್ಟ್ರು ಒಂದು ಬೆರಳು ಎತ್ತಿ ತೋರಿಸಿ ಹೋದರು. ಒಂದು ವರ್ಷ ಮುಗಿಯಿತು ಎಂದು.

ಅಕ್ಕ ಎದೆಗುಂದುವವಳಲ್ಲ. ಲಾರಿ ಬಾರದ ಹಾಗೆ ಹಗ್ಗ ಕಟ್ಟಿದಳು. ಗಡಾರಿ ಹಾಕಿ ನೆಲ ಸಡಿಲ ಮಾಡಿದಳು, ಅದೂ ಮೊಣಕಾಲೂರಿಕೊಂಡು, ಗೇಣು ಗೇಣಾಗಿ. ಹುಲ್ಲು, ಎಲೆ, ಜೋಳದ ದಂಟು ಹಾಸಿ ಮುಚ್ಚಿದಳು. ಹುರುಳಿ ಬಿತ್ತಿ, ಅದು ಹೂ ಬಿಡುವ ಹೊತ್ತಿಗೆ ಕೊಯ್ದು ಮಣ್ಣಿಗೇ ಸೇರಿಸಿದಳು. ಸೈಕಲ್ ಶಾಪಿನವಳಿಗೆ ತಡೆಯಲಾಗಲಿಲ್ಲ.

"ಬೆಳೆದಿದ್ದನ್ನ ನಾವು ತಿನ್ನೋದು ಬಿಟ್ಟು ನೆಲಕ್ಕೆ ಹಾಕ್ತೀಯಲ್ಲ ಅಕ್ಕ, ತಲೆ ನೆಟ್ಟಗಿದ್ಯಾ?"

"ನಿನ್ನ ಗಂಡ ಸೈಕಲ್ಲಿಗೆ ಎಣ್ಣೆ ಬಿಡ್ತಾನಲ್ಲ, ಆ ಎಣ್ಣೇನ ನೀನು ಕುಡೀತೀಯಾ? ಮೊದಲು ಅದಕ್ಕೆ, ಆಮೇಲೆ ನಮಗೆ."

ನನಗೆ ಅವಳು ಹೇಳಿದ ಮಾತು ಬೇರೆ. "ನೆಲ ಬರೀ ಮೈಯಲ್ಲಿ ಇರಬಾರದು, ತಂಗಿ. ಬಿಸಿಲು ಸುಡುತ್ತೆ, ಗಾಳಿ ಹೊತ್ಕೊಂಡು ಹೋಗುತ್ತೆ, ಮಳೆ ಬಡಿಯುತ್ತೆ. ನೀನು ಹೊಲಿಯೋಳು, ನಿನಗೆ ಹೇಳಬೇಕಾ ಬಟ್ಟೆ ಯಾಕೆ ಬೇಕು ಅಂತ?" ಅದನ್ನು ಕೇಳಿದ ಮೇಲೆ ನಾನೂ ಬೆಳಗಿನ ಹೊತ್ತು ಮೇಲಕ್ಕೆ ಹೋಗಿ ಹುಲ್ಲು ಹಾಸತೊಡಗಿದೆ.

ಎರಡನೆಯ ವರ್ಷದ ಬಟ್ಟೆ ತೆಗೆದ ದಿನ ನಾನು ಜನ್ಮದಲ್ಲಿ ನೋಡದ್ದನ್ನು ನೋಡಿದೆ. ಅಕ್ಕ ಮಣ್ಣು ಕೆದಕಿದಳು. ನಡುವಿನ ಬಟ್ಟೆ ಅರ್ಧಕ್ಕರ್ಧ ಇಲ್ಲ, ಉಳಿದದ್ದು ಇಲಿ ಕಡಿದ ರೊಟ್ಟಿ. ಆದರೆ ನಾನು ಹೊಲಿದ ದಾರ ಮಾತ್ರ ನಾಲ್ಕೂ ಕಡೆ ಪಟದ ಚೌಕಟ್ಟಿನ ಹಾಗೆ ನಿಂತಿತ್ತು. ಅದು ನೈಲಾನ್ ದಾರ. ಅಕ್ಕ ಆ ಚೌಕಟ್ಟನ್ನು ಎತ್ತಿ ಹಿಡಿದು, ಅದರೊಳಗಿಂದ ನನ್ನನ್ನು ನೋಡಿದಳು.

"ಅರ್ಧ ಉಂಡಿದೆ, ತಂಗಿ. ಅರ್ಧ! ಬರೋ ವರ್ಷ ಪೂರ್ತಿ ಉಣ್ಣುತ್ತೆ. ದಾರವೂ ಹತ್ತೀದೇ ಹಾಕು, ಅದನ್ನೂ ಉಣ್ಣಲಿ."

ಮೇಷ್ಟ್ರು ಎರಡು ಬೆರಳು ಎತ್ತಿದರು. ಗೂಡಿನವನು ಬೇಲಿಯಾಚೆ ನಿಂತು, "ಅರ್ಧ ಪಾಸು ಅಂದ್ರೂ ಫೇಲೇ ಅಲ್ವಾ ಮೇಷ್ಟ್ರೇ?" ಎಂದ. ಅವನು ಕೆಟ್ಟವನಲ್ಲ. ಬಾಯಿ ಮಾತ್ರ ಇಟ್ಟಿಗೆ.

ಮೂರನೆಯ ವರ್ಷ. ಈಗ ನಾನು ನನ್ನ ತಪ್ಪು ಹೇಳಬೇಕು.

ಈ ಸಲದ ಬಟ್ಟೆಯ ಮೇಲೆ ಅಕ್ಕನ ಜೀವವೇ ನಿಂತಿದೆ ಎಂದು ನನಗೆ ಗೊತ್ತಿತ್ತು. ಚಿಂದಿ ಮೂಟೆಯಿಂದ ಎತ್ತಿ ಕೊಡಲು ಮನಸ್ಸಾಗಲಿಲ್ಲ. ನಮ್ಮ ಯಜಮಾನರು ತಮಗೆಂದು ಒಂದು ಅಂಗಿಯ ಬಿಳಿ ಬಟ್ಟೆ ತಂದು ಟ್ರಂಕಿನಲ್ಲಿ ಇಟ್ಟಿದ್ದರು. ಊರಿಗೆಲ್ಲ ಹೊಲಿದು ತಮಗೆ ಹೊಲಿದುಕೊಳ್ಳಲು ಅವರಿಗೆ ಪುರುಸೊತ್ತು ಸಿಗಲೇ ಇಲ್ಲ. "ಅಪ್ಪಟ ಹತ್ತಿ ಕಣೇ, ಹಾಲಿನ ಕೆನೆ ಇದ್ದ ಹಾಗಿದೆ" ಎಂದು ಅವತ್ತು ನನ್ನ ಕೆನ್ನೆಗೆ ತಾಗಿಸಿದ್ದರು. ಆ ಬಟ್ಟೆ ತೆಗೆದು ಒಂದು ಚೌಕ ಕತ್ತರಿಸಿದೆ. ಸೈಕಲ್ ಶಾಪಿನವಳು ಹೊಸ್ತಿಲಲ್ಲೇ ಕೂತಿದ್ದಳು.

"ಇದೇನಕ್ಕ, ಕಚ್ಚಾ ಹೊಲಿಗೆ ಹಾಕೋ ದಾರ ತಗೊಂಡಿದೀಯ? ಜಗ್ಗಿದರೆ ಕಿತ್ತು ಬರುತ್ತೆ."

"ಇದು ಪೂರ್ತಿ ಹತ್ತಿ. ಈ ಉಂಡೆಯಲ್ಲೇ ಹೊಲಿ ಅಂತ ಅಕ್ಕನ ಅಪ್ಪಣೆ."

"ಬಟ್ಟೆಗೆ ಕಡ್ಡಿ ಹಚ್ಚಿ ನೋಡ್ಲಿಲ್ಲ?"

"ಇದು ನಮ್ಮವರು ತಂದಿದ್ದು" ಎಂದೆ. ಸತ್ತ ಗಂಡನ ಮಾತಿಗೆ ಬೆಂಕಿ ಹಚ್ಚಿ ನೋಡುವುದುಂಟೇ?

ಬಟ್ಟೆ ಹೂತು ಮೂರು ವಾರಕ್ಕೆ ಆ ವರ್ಷದ ದೊಡ್ಡ ಮಳೆ ಬಂತು. ಮಧ್ಯಾಹ್ನವೇ ಕತ್ತಲು. ಸೂರಿನ ತಗಡು ಮಾತು ಕೇಳಿಸದ ಹಾಗೆ ಬಡಿಯುತ್ತಿತ್ತು. ನಾನು ಬಟ್ಟೆಯ ಗಂಟುಗಳನ್ನೆಲ್ಲ ಮೇಜಿನ ಮೇಲೆ ಹೇರಿ, ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು ನೆಂಟರಿಗೆ ಕಾದೆ. ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಬಾಗಿಲಲ್ಲಿ ಬೆರಳಷ್ಟು ನೀರು ಹರಿದು ಹೋಗುತ್ತಿತ್ತು. ಕೆಸರಿಲ್ಲ, ತಳದ ಕಲ್ಲು ಕಾಣುತ್ತಿತ್ತು. ಒಳಗೆ ಬರಲಿಲ್ಲ. ನನಗೆ ಕೂರಲಾಗಲಿಲ್ಲ. ಇಷ್ಟು ಮಳೆ ಎಲ್ಲಿಗೆ ಹೋಯಿತು? ಛತ್ರಿ ಹಿಡಿದು ಬೀದಿಯಲ್ಲಿ ಮೇಲಕ್ಕೆ ಓಡಿದೆ. ಓಡಿದೆ ಎಂದರೆ ನಿಜವಾಗಿ ಓಡಿದೆ, ಆಗ ಐವತ್ತೆರಡು ನನಗೆ.

ಅಕ್ಕ ಜಮೀನಿನ ನಡುವೆ ನೆನೆದು ತೊಪ್ಪೆಯಾಗಿ ನಿಂತಿದ್ದಳು. ನಾನು ಬಾಯಿ ತೆಗೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟಳು. "ಕೇಳು."

ಮಳೆ ಸ್ವಲ್ಪ ಸಣ್ಣಗಾದಾಗ ಕೇಳಿಸಿತು. ಹಾಸಿದ ಹುಲ್ಲಿನ ಕೆಳಗಿನಿಂದ ಸಣ್ಣ ಸಣ್ಣ ಗುಳ್ಳೆ ಒಡೆಯುವ ಸದ್ದು. ಬಾಯಾರಿದ ಎಮ್ಮೆ ಬಕೆಟ್ಟಿಗೆ ಮೂತಿ ಇಟ್ಟ ಹಾಗೆ.

"ಕುಡೀತಿದೆ ತಂಗಿ. ಹುಳ ತೋಡಿದ ತೂತಿಂದ, ಬೇರು ಕೊಳೆತ ದಾರಿಯಿಂದ ಒಳಗೆ ಇಳೀತಿದೆ. ಈಗ ಕುಡಿದಿದ್ದನ್ನ ಬೇಸಿಗೇಲಿ ಗಿಡಕ್ಕೆ ಕೊಡುತ್ತೆ, ಬಾವಿಗೆ ಕೊಡುತ್ತೆ. ಆ ಕಡೆ ನೋಡು."

ಬೇಲಿಯಾಚೆ ಗೂಡಿನವನ ನೆಲ. ಮೇಲ್ಮಣ್ಣು ಕೆರೆದ ಜಾಗದಲ್ಲಿ ನೀರು ಕೆಂಪಗೆ ನಿಂತಿತ್ತು, ಇಳಿಯಲಿಕ್ಕೆ ದಾರಿ ಇಲ್ಲದೆ. ಮಳೆ ಒಂದೇ, ನಡುವೆ ಒಂದು ತಂತಿ ಬೇಲಿ. ನಾವಿಬ್ಬರೂ ಕೈ ಕೈ ಹಿಡಿದು ಕೆಸರಿನಲ್ಲಿ ನಿಂತು ನಕ್ಕೆವು. ಗೆದ್ದೆವು ಎಂದೇ ನನ್ನ ಲೆಕ್ಕ. ಬೀದಿಯವರ ಲೆಕ್ಕವೂ ಅದೇ. ಗಿರಣಿಯವನು ಕುಂಬಳಕಾಯಿ ಬೀಜ ಕೂಡ ತಂದುಕೊಟ್ಟ, ಮುಂದಿನ ಬೆಳೆಗೆ ಎಂದು.

ಎರಡು ತಿಂಗಳು ತುಂಬಿದ ಬೆಳಿಗ್ಗೆ ಎಲ್ಲರೂ ಸೇರಿದರು. ಮೇಷ್ಟ್ರು ಛತ್ರಿ ಊರಿಕೊಂಡು ಬಂದರು. ಗೂಡಿನವನು ಬೇಲಿ ದಾಟಿ ಬಂದ. ಸೈಕಲ್ ಶಾಪಿನವಳು ಗಂಡನನ್ನೂ ಎಳೆದು ತಂದಿದ್ದಳು. ಅಕ್ಕ ಗುರುತಿನ ಗೂಟದ ಹತ್ತಿರ ಮೊಣಕಾಲೂರಿ ಕೈಯಿಂದಲೇ ಕೆದಕಿದಳು. ಮಣ್ಣು ಕರ್ರಗೆ, ಪುಡಿಪುಡಿಯಾಗಿ ಬೆರಳಿನ ಸಂದಿಯಿಂದ ಸುರಿಯುತ್ತಿತ್ತು. ಎರೆಹುಳ ಎರಡು ಮೂರು ಜಾರಿಕೊಂಡು ಹೋದವು. ಆಮೇಲೆ ಅವಳ ಕೈ ನಿಂತಿತು.

ಬಟ್ಟೆ ಬಂತು. ಪೂರ್ತಿ ಬಂತು. ಮೂಲೆಗೆ ಮೂಲೆ, ಒಂದು ತೂತಿಲ್ಲ.

ಗೂಡಿನವನೇ ಮೊದಲು ಕೆಮ್ಮಿದ. "ಇಸ್ತ್ರಿ ಹಾಕಿದ್ರೆ ಅಂಗಿ ಹೊಲಿಸ್ಬಹುದು" ಎಂದ. ಮೇಷ್ಟ್ರು ಮೂರು ಬೆರಳು ಎತ್ತಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿದರು, ಅದೇ ಸಾಕಿತ್ತು. ಅಕ್ಕ ನೆಲದಲ್ಲಿ ಕೂತಳು. ಬೊಗಸೆಯಲ್ಲಿ ಮಣ್ಣು ಎತ್ತಿ ಮೂಸಿದಳು. ಇನ್ನೊಂದು ಸಲ ಮೂಸಿದಳು.

"ಇಪ್ಪತ್ತೆಂಟು ವರ್ಷದ ಮೂಗು" ಎಂದಳು ಮೆಲ್ಲಗೆ. "ಹೇಗೆ ಸುಳ್ಳು ಹೇಳ್ತು?" ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. "ಮಾತು ಮಾತೇ, ಮೇಷ್ಟ್ರೇ. ಒಂದು ವಾರ ಕೊಡಿ, ನೆಟ್ಟಿರೋದನ್ನ ಕಿತ್ಕೊತೀನಿ."

ಬಟ್ಟೆ ಅವಳ ಪಕ್ಕದಲ್ಲಿ ಬಿದ್ದಿತ್ತು. ನಾನು ಸುಮ್ಮನೆ ಎತ್ತಿಕೊಂಡೆ, ಕಣ್ಣೀರು ಯಾರಿಗೂ ಕಾಣದಿರಲಿ ಎಂದು ಮಣ್ಣು ಕೊಡವುವ ನೆಪ ಮಾಡಿದೆ. ಎತ್ತುತ್ತಲೇ ಕೈಗೆ ಏನೋ ತಟ್ಟಿತು. ಬಟ್ಟೆ ಹಗುರ. ನಲವತ್ತು ವರ್ಷ ಬಟ್ಟೆ ಹಿಡಿದ ಬೆರಳು ಮರೆಯುವುದಿಲ್ಲ, ಈ ತುಂಡು ಹೂಳುವಾಗ ಇಷ್ಟು ಹಗುರ ಇರಲಿಲ್ಲ. ಬೆಳಕಿಗೆ ಹಿಡಿದೆ. ಆಚೆಗೆ ಮೇಷ್ಟ್ರ ಛತ್ರಿ ಕಂಡಿತು. ಸೊಳ್ಳೆ ಪರದೆಯ ಹಾಗಾಗಿತ್ತು. ಆಮೇಲೆ ಅಂಚು ನೋಡಿದೆ. ಮಡಿಕೆ ಬಿಚ್ಚಿಕೊಂಡಿತ್ತು. ಸೂಜಿ ಇಳಿದ ತೂತುಗಳು ಸಾಲಾಗಿ ಇರುವೆ ನಡೆದ ಹಾಗೆ ಇದ್ದವು. ತೂತು ಇತ್ತು, ದಾರ ಇರಲಿಲ್ಲ. ನಾಲ್ಕು ಕಡೆಯೂ, ಒಂದು ಎಳೆಯೂ ಇರಲಿಲ್ಲ.

ಬಟ್ಟೆ ಹಿಡಿದುಕೊಂಡೇ ಮೇಷ್ಟ್ರ ಮುಂದೆ ಹೋಗಿ ನಿಂತೆ.

"ಮೇಷ್ಟ್ರೇ, ನಿಲ್ಲಿ. ನನ್ನ ಹೊಲಿಗೆ ಎಲ್ಲಿ?"

"ಏನಮ್ಮ?"

"ನಾನು ಹಾಕಿದ ಹೊಲಿಗೆ. ನಾಲ್ಕು ಅಂಚಿಗೆ ಎರಡೆರಡು ಸಾಲು. ಎಲ್ಲಿ ಹೋಯ್ತು? ನೀವೆಲ್ಲ ಉಳಿದಿದ್ದನ್ನ ನೋಡ್ತಿದೀರಿ. ಹೋಗಿದ್ದನ್ನ ನೋಡಿ."

ಗೂಡಿನವನ ಜೇಬಿನಲ್ಲಿ ಬೆಂಕಿಪೊಟ್ಟಣ ಇರುತ್ತದೆ ಎಂದು ಎಲ್ಲರಿಗೂ ಗೊತ್ತು. ಕೈ ಚಾಚಿದೆ, ಅವನು ಕೊಟ್ಟ. ನಮ್ಮವರ ಬಟ್ಟೆಯ ಒಂದು ಎಳೆ ಕಿತ್ತು, ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿ, ಕಡ್ಡಿ ಗೀರಿದೆ. ಎಳೆ ಮುದುಡಿತು. ಕರಗಿತು. ತುದಿಯಲ್ಲಿ ಕರಿ ಗುಂಡು ನಿಂತಿತು. ಅದನ್ನು ಮೇಷ್ಟ್ರ ಅಂಗೈ ಮೇಲೆ ಇಟ್ಟೆ.

"ಇದು ಹತ್ತಿ ಅಲ್ಲ. ಬೆರಕೆ. ಅಂಗಡಿಯವನು ನಮ್ಮ ಯಜಮಾನರಿಗೆ ಮೋಸ ಮಾಡಿದ್ದ, ನಾನು ಕಡ್ಡಿ ಹಚ್ಚಿ ನೋಡದೆ ಅಕ್ಕನಿಗೆ ಮೋಸ ಮಾಡಿದೆ. ಇದರಲ್ಲಿದ್ದ ಹತ್ತೀನ ಮಣ್ಣು ಉಂಡಿದೆ, ಅದಕ್ಕೇ ಹಗುರ. ದಾರ ಅಪ್ಪಟ ಹತ್ತಿ. ಅದನ್ನ ಪೂರ್ತಿ ಉಂಡಿದೆ. ಉಣ್ಣೋದನ್ನ ಉಂಡು, ಉಣ್ಣಬಾರದ್ದನ್ನ ಎಲೆ ಪಕ್ಕಕ್ಕೆ ಸರಿಸಿದೆ ಅಷ್ಟೆ."

ಮೇಷ್ಟ್ರು ಗುಂಡನ್ನು ಉಗುರಿನಿಂದ ಒತ್ತಿ ನೋಡಿದರು. ಅವರು ಒಮ್ಮೆಗೇ ಒಪ್ಪುವವರಲ್ಲ ಎಂದು ಹೇಳಿದೆನಲ್ಲ. "ದಾರ ಹತ್ತೀದೇ ಅನ್ನೋದಕ್ಕೆ ಸಾಕ್ಷಿ?"

ಸಾಕ್ಷಿ ನನ್ನ ಹಿಂದೆಯೇ ಇತ್ತು, ಮೂಗಿನ ಹೊಳ್ಳೆ ಅರಳಿಸಿಕೊಂಡು. "ನಾನಿದೀನಿ ಮೇಷ್ಟ್ರೇ" ಎಂದಳು ಸೈಕಲ್ ಶಾಪಿನವಳು. "ನನ್ನ ಕಣ್ಣೆದುರೇ ಹೊಲಿದಿದ್ದು. ಕಚ್ಚಾ ದಾರ ಯಾಕೆ ಅಂತ ನಾನೇ ಕೇಳಿದ್ದೆ. ಬಟ್ಟೆಗೆ ಕಡ್ಡಿ ಹಚ್ಚು ಅಂತಾನೂ ನಾನೇ ಹೇಳಿದ್ದೆ, ಇವಳು ಕೇಳ್ಲಿಲ್ಲ. ಆ ಉಂಡೆ ಇವಳ ಮಿಷನ್ನಿನ ಡ್ರಾಯರಲ್ಲಿದೆ." ಹೇಳಿ ನಿಲ್ಲಲಿಲ್ಲ, ಗಂಡನನ್ನು ಸೈಕಲ್ ಹತ್ತಿಸಿ ಓಡಿಸಿದಳು. ಉಂಡೆ ಬಂತು. ಮೇಷ್ಟ್ರು ತಾವೇ ಒಂದು ಮೊಳ ಎಳೆದು, ತಾವೇ ಕಡ್ಡಿ ಹಚ್ಚಿದರು. ಕಾಗದದ ಹಾಗೆ ಉರಿಯಿತು. ಬೂದಿ ಗಾಳಿಗೆ ಹೋಯಿತು.

ಅವರು ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು, ಸೂಜಿ ತೂತುಗಳನ್ನು ಒಂದು ಅಂಚಿನುದ್ದಕ್ಕೂ ಬೆರಳಿಟ್ಟು ಎಣಿಸಿದರು. ಅಷ್ಟು ಹೊತ್ತೂ ನಾವು ನಿಂತೇ ಇದ್ದೆವು. ಕೊನೆಗೆ ತಲೆ ಎತ್ತಿದರು.

"ಲೆಕ್ಕ ಸರಿ ಇದೆ. ಉತ್ತರ ಮಾತ್ರ ತಪ್ಪು ಜಾಗದಲ್ಲಿ ಬರೆದಿದೆ" ಎಂದರು. ಅಕ್ಕನಿಗೆ ಕೈ ಕೊಟ್ಟು ಎಬ್ಬಿಸಿದರು. "ಜಮೀನು ನಿಮ್ಮದು, ಇರೋವರೆಗೂ."

ಅಕ್ಕ ಮೇಷ್ಟ್ರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಮಣ್ಣಿನ ಕೈಯಿಂದಲೇ ನನ್ನ ಬೆನ್ನಿಗೊಂದು ಗುದ್ದು ಗುದ್ದಿದಳು. ಅದರ ಗುರುತು ನನ್ನ ರವಿಕೆಯಿಂದ ನಾಲ್ಕು ಒಗೆತಕ್ಕೂ ಹೋಗಲಿಲ್ಲ.

"ಕಲಿಸಿದವಳೇ ಎಡವಿದೆಯಲ್ಲೇ."

"ಎಡವಿದವಳೇ ಎತ್ತಿದೆ" ಎಂದೆ.

ಆಮೇಲೆ ಹದಿನಾರು ವರ್ಷ ಅಕ್ಕ ಆ ನೆಲದಲ್ಲಿ ಬೆಳೆದಳು. ಮೂಲಂಗಿ ಮಗುವಿನ ತೋಳಿನಷ್ಟು ದಪ್ಪ ಬಂತು. ಕುಂಬಳ ಬಳ್ಳಿ ಬೇಲಿ ಹತ್ತಿ ಗೂಡಿನವನ ಕಡೆ ಇಳಿದು, ಅವನ ಪಾಲಿಗೂ ಎರಡು ಕಾಯಿ ಬಿಟ್ಟಿತು. ಮಳೆ ಬಾರದ ವರ್ಷವೂ ಅಲ್ಲಿ ಒಂದು ಅಡಿ ಅಗೆದರೆ ತಂಪು ಸಿಗುತ್ತಿತ್ತು. ಹಕ್ಕಿ ಬಂದವು, ಜೇನು ಬಂತು, ಬೀದಿಯ ಬಾವಿಯಲ್ಲಿ ಬೇಸಿಗೆಯಲ್ಲೂ ಹಗ್ಗ ಮೊದಲಿನಷ್ಟು ಉದ್ದ ಬೇಕಾಗಲಿಲ್ಲ. ನನ್ನ ಮಿಷನ್ನಿನ ಕಾಲುಮಣೆ ತುಕ್ಕು ಬಿಟ್ಟು, ಬೆಕ್ಕಿನ ಹಾಗೆ ಅಳುವುದನ್ನು ನಿಲ್ಲಿಸಿತು. ಪ್ರತಿ ವರ್ಷವೂ ಒಂದು ಬಟ್ಟೆ ಹೂಳುತ್ತಿದ್ದೆವು, ಪಂದ್ಯಕ್ಕಲ್ಲ, ಹಾಗೇ. ಪ್ರತಿ ವರ್ಷವೂ ಅಗೆದಾಗ ಏನೂ ಸಿಗುತ್ತಿರಲಿಲ್ಲ. ಏನೂ ಸಿಗಲಿಲ್ಲವೆಂದು ಇಬ್ಬರು ಹೆಂಗಸರು ಅಷ್ಟು ಸಂತೋಷ ಪಡುವುದನ್ನು ನೀವು ಎಲ್ಲಿಯೂ ನೋಡಿರಲಾರಿರಿ.

ಅಷ್ಟು ವರ್ಷದಲ್ಲಿ ಗೂಡಿನವನ ಮಣ್ಣು ಮುಗಿಯಿತು. ಗೂಡು ತಣ್ಣಗಾಯಿತು. ಉಳಿದದ್ದು ಒಂದು ಗುಂಡಿ, ಮನೆ ಮುಳುಗುವಷ್ಟು ಆಳ, ತಳದಲ್ಲಿ ಒಡೆದ ಇಟ್ಟಿಗೆ.

ಹೋದ ವರ್ಷ ಅಕ್ಕ ಮಲಗಿದಳು. ಎಂಬತ್ತು ಹತ್ತಿರ ಬಂದಿತ್ತು, ಕಾಲು ನೀರು ತುಂಬಿಕೊಂಡು ಊದಿದ್ದವು. ಜಮೀನಿನ ಮೂಲೆಯಲ್ಲಿ ಅವಳದೊಂದು ಕೋಣೆ. ಕಿಟಕಿಯ ಪಕ್ಕ ಮಂಚ, ಗೋಡೆಯ ಮೊಳೆಗೆ ಆ ಹಿತ್ತಾಳೆಯ ಜರಡಿ. ನಾನು ದಿನಾ ಹೋಗಿ ಗಂಜಿ ಕುಡಿಸಿ ಬರುತ್ತಿದ್ದೆ. ಒಂದು ದಿನ ಹೋದರೆ ಗೂಡಿನವನು ಮಂಚದ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದ. ಅವನ ತಲೆಯೂ ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕ, ಆ ಗುಂಡೀಲಿ ಹುಲ್ಲೂ ಹುಟ್ಟಲ್ಲ" ಎನ್ನುತ್ತಿದ್ದ. "ನೀರು ನಿಂತು ಸೊಳ್ಳೆ ಒಂದೇ ಬೆಳೆ. ನಿನ್ನ ಕಡೆ ನೋಡಿದ್ರೆ ನಾಚಿಕೆ ಆಗುತ್ತೆ. ಅದಕ್ಕೂ ಏನಾದ್ರೂ ಮಾಡೋದಕ್ಕೆ ಆಗುತ್ತಾ?"

ಅಕ್ಕ ಎರಡು ವಾರದಿಂದ ತಲೆ ಎತ್ತಿರಲಿಲ್ಲ. ಆ ಮಾತು ಕೇಳಿ ಎರಡು ಮೊಣಕೈ ಊರಿ ಎದ್ದು ಕೂತಳು. ನಾನು ದಿಂಬು ಕೊಡಲು ಹೋದರೆ ಕೈಯಿಂದ ತಳ್ಳಿದಳು. ಕಣ್ಣು ನೋಡಬೇಕಿತ್ತು, ಚೀಲದ ಬಾಯಿ ಬಿಚ್ಚುವ ಹುಡುಗಿಯ ಕಣ್ಣು.

"ಆಗುತ್ತೆ. ನಿಧಾನ, ಆದರೆ ಆಗುತ್ತೆ. ನನ್ನ ಜಮೀನಿಂದ ಹತ್ತು ಬುಟ್ಟಿ ಮಣ್ಣು ಹೊತ್ತು ಹಾಕು, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಬೀದಿಯ ಎಲೆ, ಗಿರಣಿ ಕಸ, ಒಂದನ್ನೂ ಸುಡೋದಕ್ಕೆ ಬಿಡಬೇಡ. ಇಳಿಜಾರು ಮಾಡಿ ನೀರಿಗೆ ದಾರಿ ಬಿಡು. ನಾಳೆಯಿಂದಾನೇ ಶುರು ಮಾಡು, ನೀನೇನು ಚಿಕ್ಕವನಲ್ಲ."

ಅವನು ತಲೆ ಆಡಿಸಿ, ಬುಟ್ಟಿ ಹುಡುಕಲು ಎದ್ದುಹೋದ. ಅಕ್ಕ ಉಸಿರು ಸುಧಾರಿಸಿಕೊಂಡು ನನ್ನ ಕೈ ಹಿಡಿದಳು. ಹಿಡಿತ ಸಡಿಲವಿತ್ತು, ಮಾತು ಸಡಿಲವಿರಲಿಲ್ಲ.

"ತಂಗಿ, ಎರಡು ಬಟ್ಟೆ ಹೊಲಿದುಕೊಡು. ಒಂದು ಈಗಲೇ ಆ ಗುಂಡೀಲಿ ಹೂಳು, ಹಾಗೇ ವಾಪಸ್ ಬರುತ್ತೆ, ಬರಲಿ. ಇನ್ನೊಂದು ಮೂರು ವರ್ಷ ಆದಮೇಲೆ. ಅದನ್ನ ನೀನೇ ಅಗೀಬೇಕು, ಮೊಣಕಾಲು ನೋವು ಅಂತ ನೆಪ ಹೇಳಬೇಡ. ಅಂಚು ಹತ್ತಿ ದಾರದಲ್ಲೇ ಹೊಲಿ. ಆಮೇಲೆ, ಯಾರು ತಂದ ಬಟ್ಟೇನೇ ಆಗಿರಲಿ, ಯಾರ ಮಾತೇ ಆಗಿರಲಿ, ಕಡ್ಡಿ ಹಚ್ಚಿ ನೋಡಿ ಕತ್ತರಿ ಹಾಕು."